ಕಾಗೆ ಬಂಗಾರದ ಗೆರೆ

"ಅಜ್ಜಯ್ಯ, ಕೆಲಸ ಇಬ್ಬರದು. ಅದರಲ್ಲಿ ನನ್ನ ಪಾಲು ಯಾವುದು ಎಂದು ನಾಲ್ಕು ಜನಕ್ಕೆ ತಿಳಿಯಲಿ ಎಂದರೆ ತಪ್ಪೇ?"

ಕೇಳಿದವನು ಓಬಳೇಶ. ಮಠದ ಅಡುಗೆಮನೆಯಲ್ಲಿ ಸಾರು ಮಾಡುವವನು. ಮುದ್ದೆ, ಅನ್ನ ಮಾಡುವವನು ರುದ್ರಮುನಿ. ಇಬ್ಬರೂ ಅಜ್ಜಯ್ಯನ ಶಿಷ್ಯರು. ಇಬ್ಬರಿಗೂ ಒಂದೇ ಒಲೆ. ಆದರೆ ಪಂಕ್ತಿಯಲ್ಲಿ ಬಡಿಸಲು ನಿಲ್ಲುವವನು ರುದ್ರಮುನಿ. ಉಂಡವರು ಏಳುವಾಗ ಅವನ ಮುಖ ನೋಡಿ "ಊಟ ಚೆನ್ನಾಗಿತ್ತು ಕಣಪ್ಪ" ಎನ್ನುತ್ತಿದ್ದರು. ಒಳಗೆ ಹೊಗೆಯಲ್ಲಿ ಕೂತ ಓಬಳೇಶನಿಗೆ ಅದು ಕೇಳಿಸುತ್ತಿತ್ತು.

ಆ ದಿನ ಮಧ್ಯಾಹ್ನ ಅವನು ಅಡುಗೆಮನೆಯ ಇನ್ನೊಂದು ಮೂಲೆಯಲ್ಲಿ ಎರಡನೆಯ ಒಲೆ ಹಾಕಿದ್ದ. ಅದರ ಮಣ್ಣು ಮೆತ್ತಿದ ಕೈಯಲ್ಲೇ ಬಂದು ಕೇಳಿದ್ದ.

"ಒಲೆ ಹಾಕಿ ಆದಮೇಲೆ ಕೇಳುತ್ತಿದ್ದೀಯ" ಎಂದರು ಅಜ್ಜಯ್ಯ.

"ಇನ್ನೂ ಹಚ್ಚಿಲ್ಲ ಅಜ್ಜಯ್ಯ. ನೀವು ಹೂಂ ಅಂದರೆ ನಾಳೆ ಹಚ್ಚುತ್ತೇನೆ. ನನ್ನ ಸಾರು ನಾನೇ ಬಡಿಸುತ್ತೇನೆ. ಅವನ ಮುದ್ದೆ ಅವನು ಬಡಿಸಲಿ. ಜಗಳ ಏನಿಲ್ಲ. ಯಾರದು ಯಾವುದು ಅಂತ ಗೊತ್ತಾದರೆ ಸಾಕು."

ಅಜ್ಜಯ್ಯ ಹೂಂ ಎನ್ನಲಿಲ್ಲ. ಊಹೂಂ ಎಂದೂ ಅನ್ನಲಿಲ್ಲ. "ಕೂತುಕೋ" ಎಂದರು. ಓಬಳೇಶ ಜಗಲಿಯ ಅಂಚಿಗೆ ಕೂತ. ಅಜ್ಜಯ್ಯ ಹೇಳತೊಡಗಿದರು.

ಒಂದು ಪೇಟೆ. ಅಲ್ಲಿ ಒಂದು ಮನೆ. ಮನೆಯ ಅಣ್ಣ ತಮ್ಮ ಇಬ್ಬರೂ ಲಾರಿ ಓಡಿಸುವವರು. ಹೋದರೆ ಬರುವುದು ಯಾವಾಗಲೋ. ಮನೆಯಲ್ಲಿ ಉಳಿಯುವವರು ಅವರ ಹೆಂಡಿರು, ಇಬ್ಬರು ಓರಗಿತ್ತಿಯರು. ಹಿತ್ತಿಲಲ್ಲಿ ದನವಿಲ್ಲದ ಒಂದು ಕೊಟ್ಟಿಗೆ ಇತ್ತು. ಅದರಲ್ಲಿ ಇಬ್ಬರೂ ಸೇರಿ ಸೋಪು ಮಾಡುತ್ತಿದ್ದರು. ಮಾಡಿದ್ದನ್ನು ಬೀದಿಯವರು ಮನೆಗೇ ಬಂದು ಕೊಳ್ಳುತ್ತಿದ್ದರು.

ಎಣ್ಣೆ ಮತ್ತು ಕ್ಷಾರ ಹಿರಿಯವಳ ಕೆಲಸ. ಕೊಬ್ಬರಿ ಎಣ್ಣೆ ಎಷ್ಟು, ಹರಳೆಣ್ಣೆ ಎಷ್ಟು, ಅದಕ್ಕೆ ಕಾಸ್ಟಿಕ್ ಸೋಡ ಎಷ್ಟು ಎಂಬುದು ಅವಳ ಅಂದಾಜು. ಸೋಡ ಹೆಚ್ಚಾದರೆ ಮೈ ಉರಿಯುತ್ತದೆ. ಕಡಿಮೆಯಾದರೆ ಸೋಪು ಜಿಡ್ಡು ಹಿಡಿಯುತ್ತದೆ. ಅವಳ ಕೈಯಲ್ಲಿ ಎರಡೂ ಆದದ್ದಿಲ್ಲ. ದೋಸೆ ಹಿಟ್ಟಿನ ಹದಕ್ಕೆ ಬರುವವರೆಗೆ ಕಡೆದು, ಬಕೆಟ್ಟನ್ನು ಕಿರಿಯವಳ ಮುಂದೆ ಇಡುತ್ತಿದ್ದಳು.

ಬಣ್ಣ ಕಿರಿಯವಳ ಕೆಲಸ. ಬಂಡೆಯಲ್ಲಿ ಪದರ ಪದರವಾಗಿ ಮಿನುಗುವ ಅಭ್ರಕ ಇದೆಯಲ್ಲ, ಜನ ಕಾಗೆ ಬಂಗಾರ ಎನ್ನುತ್ತಾರೆ, ಅದನ್ನು ನುಣ್ಣಗೆ ಪುಡಿ ಮಾಡಿ ಬಣ್ಣ ಹತ್ತಿಸಿ ಮಾರುತ್ತಾರೆ. ಅದನ್ನು ಸುಮ್ಮನೆ ಸುರಿದರೆ ಗಂಟು ಗಂಟಾಗುತ್ತದೆ. ಮೊದಲು ಒಂದು ಚಮಚ ಎಣ್ಣೆಯಲ್ಲಿ ಕಲಸಿಕೊಳ್ಳಬೇಕು. ಹೆಚ್ಚು ಹಾಕಿದರೆ ನೊರೆಗೇ ಬಣ್ಣ ಬಂದು ಟವೆಲಿಗೆ ಕಲೆಯಾಗುತ್ತದೆ. ಇನ್ನು ಕೆಲವು ಬಣ್ಣಗಳು ಕ್ಷಾರವನ್ನು ತಡೆಯುವುದೇ ಇಲ್ಲ. ಕಿರಿಯವಳು ಒಮ್ಮೆ ನೇರಳೆ ಹಾಕಿದಳು. ಅಚ್ಚಿನ ಪೆಟ್ಟಿಗೆಯಿಂದ ತೆಗೆದಾಗ ಸೋಪು ಒಲೆಯ ಬೂದಿಯ ಹಾಗಿತ್ತು.

ಹಿರಿಯವಳು ನೋಡಿ, "ಇದನ್ನ ಮಾರೋದು ಬೇಡ ಕಣೇ, ಪಾತ್ರೆ ತಿಕ್ಕೋಕೆ ಇಟ್ಟುಕೊಳ್ಳೋಣ" ಎಂದಳು.

"ಹೂಂ ಅಕ್ಕ, ನಿಮ್ಮ ಮೈದುನ ಬಂದರೆ ಅವರಿಗೇ ಕೊಡ್ತೀನಿ. ಲಾರಿ ತೊಳೆಯಲಿ" ಎಂದಳು ಕಿರಿಯವಳು.

ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಆಗಿನ್ನೂ ಕೊಟ್ಟಿಗೆಯಲ್ಲಿ ನಗು ಇತ್ತು.

ಸೋಪು ಒಂದೇ ಬಣ್ಣದ್ದು. ಮೇಲಿಂದ ಕೆಳಗಿನವರೆಗೆ ಹಸಿರು. ಅಲ್ಲಲ್ಲಿ ಅಭ್ರಕದ ಮಿನುಗು. ಕೊಂಡವರಲ್ಲಿ ಕೆಲವರು "ಏನು ಬಣ್ಣ!" ಎನ್ನುತ್ತಿದ್ದರು. ಕೆಲವರು "ಏನು ನೊರೆ!" ಎನ್ನುತ್ತಿದ್ದರು. ಬಣ್ಣದ ಮಾತು ಹಿರಿಯವಳ ಕಿವಿಗೆ ಬಿತ್ತು. ನೊರೆಯ ಮಾತು ಕಿರಿಯವಳ ಕಿವಿಗೆ ಬಿತ್ತು. ತನ್ನನ್ನು ಹೊಗಳಿದ್ದು ಇಬ್ಬರಿಗೂ ಕೇಳಿಸಲಿಲ್ಲ.

ಒಂದು ದಿನ ಹಿರಿಯವಳು ಹೇಳಿದಳು. "ಹೀಗೆ ಮಾಡೋಣ. ಕೆಳಗಿನ ಅರ್ಧಕ್ಕೆ ಬಣ್ಣ ಬೇಡ. ಎಣ್ಣೆ ಹೇಗೆ ಬೆಳ್ಳಗೆ ಕೂಡಿಕೊಂಡಿದೆಯೋ ಹಾಗೇ ಇರಲಿ. ಮೇಲಿನ ಅರ್ಧ ನಿನ್ನದು. ಏನು ಬೇಕಾದರೂ ಹಾಕಿಕೋ."

ಕಿರಿಯವಳಿಗೂ ಅದೇ ಬೇಕಿತ್ತು. "ಆಗಲಿ ಅಕ್ಕ. ನಡುವೆ ಚಿನ್ನದ ಬಣ್ಣದ ಪುಡಿಯ ಒಂದು ಗೆರೆ ಹಾಕ್ತೀನಿ. ಆಮೇಲೆ ಯಾರದು ಎಲ್ಲಿವರೆಗೆ ಅಂತ ಯಾರೂ ಕೇಳೋ ಹಾಗಿಲ್ಲ."

ಹಾಗೆಯೇ ಮಾಡಿದರು. ಹಿರಿಯವಳು ಅಚ್ಚಿನ ಅರ್ಧದವರೆಗೆ ಬಿಳಿ ಸೋಪು ಹೊಯ್ದಳು. ಅದು ಸ್ವಲ್ಪ ಬಿಗಿಯಾದ ಮೇಲೆ ಕಿರಿಯವಳು ಟೀ ಸೋಸುವ ಜಾಲರಿಗೆ ಪುಡಿ ಹಾಕಿ, ಬೆರಳಿಂದ ತಟ್ಟಿ ತಟ್ಟಿ ಉದುರಿಸಿದಳು. ಪುಡಿಯ ಕೆಳಗಿನ ಬಿಳಿ ಕಾಣುತ್ತಲೇ ಇತ್ತು. ಅದರ ಮೇಲೆ ಹಸಿರನ್ನು ಸೌಟಿನ ಬೆನ್ನ ಮೇಲೆ ಇಳಿಬಿಟ್ಟು ಮೆಲ್ಲಗೆ ಹೊಯ್ದಳು. ಗಟ್ಟಿಯಾದ ಮೇಲೆ ಪಕ್ಕಕ್ಕೆ ಮಲಗಿಸಿ ಕೊಯ್ದರು. ನೆಟ್ಟಗೆ ಇಟ್ಟು ಕೊಯ್ದರೆ ಚಾಕು ಪುಡಿಯನ್ನು ಎಳೆದುಕೊಂಡು ಬಂದು ಬಿಳಿಯ ಮೇಲೆ ಗೀರಾಗುತ್ತದೆ. ಕೊಯ್ದ ಬಿಲ್ಲೆಯ ನಡುವೆ ಕೂದಲೆಳೆಯಷ್ಟು ಚಿನ್ನದ ಗೆರೆ ಇತ್ತು. ಬೀದಿಯ ಹೆಂಗಸರು ಅದನ್ನು ಮೂಸುವುದು ಬಿಟ್ಟು ಮೊದಲು ನೋಡಿದರು.

ಅಜ್ಜಯ್ಯ ಇಲ್ಲಿ ನಿಲ್ಲಿಸಿ ನೀರು ಕುಡಿದರು.

"ಹಾಗಾದರೆ ಗೆರೆ ಎಳೆದದ್ದೇ ತಪ್ಪು ಅನ್ನುತ್ತೀರಿ" ಎಂದ ಓಬಳೇಶ.

"ನೀನು ಸಾರು ಕುದಿಯೋಕೆ ಮುಂಚೆ ಉಪ್ಪು ನೋಡುವವನಲ್ಲವಲ್ಲ, ಇಲ್ಲೇಕೆ ಅವಸರ? ಆ ಗೆರೆ ಚೆನ್ನಾಗಿತ್ತು. ತೆಳ್ಳಗಿತ್ತು. ಅದರ ಸಂದಿನಲ್ಲಿ ಮೇಲಿನ ಸೋಪು ಕೆಳಗಿನ ಸೋಪನ್ನು ಮುಟ್ಟುತ್ತಿತ್ತು" ಎಂದು ಅಜ್ಜಯ್ಯ ಮುಂದುವರಿಸಿದರು.

ಸ್ವಲ್ಪ ದಿನ ಕಳೆಯಿತು. ಗೆರೆ ಎಲ್ಲ ಸಲವೂ ನೇರ ಬರುವುದಿಲ್ಲ. ಒಮ್ಮೆ ಒಂದು ಕಡೆ ಬಾಗಿತು. ಹಿರಿಯವಳು ಬಿಲ್ಲೆಯನ್ನು ಬೆಳಕಿಗೆ ಹಿಡಿದಳು.

"ನಿನ್ನ ಹಸಿರು ನನ್ನ ಕಡೆ ಇಳಿದಿದೆ ನೋಡು."

"ನಿಮ್ಮ ಬಿಳಿ ನೀರಾಗಿತ್ತು. ಅದಕ್ಕೇ ನನ್ನದು ಕುಸಿದಿದೆ. ಹೊಯ್ಯೋಳು ನಾನು, ತಡೆಯಬೇಕಾದ್ದು ನೀವು."

ಮಾತು ಅಷ್ಟಕ್ಕೇ ನಿಂತಿತು. ಕೆಲಸ ನಿಲ್ಲಲಿಲ್ಲ. ಹಿರಿಯವಳು ಮುಂದಿನ ಸಲ ತನ್ನ ಪದರ ಹೆಚ್ಚು ಹೊತ್ತು ಬಿಗಿಯಲಿ ಎಂದು ಕಾದಳು. ಸಾರಿಸಿ ಒಣಗಿದ ನೆಲದ ಹಾಗೆ ಆದ ಮೇಲೆಯೇ "ಈಗ ಹೊಯ್ಯಿ" ಎಂದಳು. ಕಿರಿಯವಳು ಜಾಲರಿಯನ್ನು ಒಂದು ಸಲದ ಬದಲು ಎರಡು ಸಲ ಆಡಿಸಿದಳು. ಬಿಳಿ ಎಲ್ಲಿಯೂ ಇಣುಕದ ಹಾಗೆ ಮುಚ್ಚಿದಳು. ತಾನು ಮಾಡಿದ್ದನ್ನು ಅವಳು ಇವಳಿಗೆ ಹೇಳಲಿಲ್ಲ. ಇವಳು ಅವಳಿಗೆ ಹೇಳಲಿಲ್ಲ. ಅಳತೆಪಟ್ಟಿ ಇಟ್ಟು ಎಳೆದಂತೆ ಗೆರೆ ನೇರವಾಯಿತು. ದಪ್ಪವೂ ಆಯಿತು.

ಇನ್ನೊಂದು ವಾಡಿಕೆಯೂ ಅವರಲ್ಲಿ ಇತ್ತು. ಕೊಯ್ದಾಗ ಉಳಿಯುವ ಕೊನೆಯ ಚೂರನ್ನು ಒಣಗಿಸಿ, ಇಬ್ಬರೂ ಒಂದೇ ಬೋಗುಣಿಯಲ್ಲಿ ಕೈ ತೊಳೆದು ನೋಡುತ್ತಿದ್ದರು. ಗೆರೆ ಬಂದ ಮೇಲೂ ಅದನ್ನು ಬಿಡಲಿಲ್ಲ. ಆದರೆ ಹಿರಿಯವಳು ಚೂರಿನ ಬಿಳಿಯ ಬದಿಯನ್ನಷ್ಟೇ ಉಜ್ಜಿ ನೋಡುತ್ತಿದ್ದಳು. ನೊರೆ ಚೆನ್ನಾಗಿತ್ತು. ಕಿರಿಯವಳು ಹಸಿರು ಬದಿಯನ್ನಷ್ಟೇ ಉಜ್ಜುತ್ತಿದ್ದಳು. ಬಣ್ಣ ಬಿಡುತ್ತಿರಲಿಲ್ಲ. ಇಬ್ಬರೂ ತಮ್ಮ ತಮ್ಮ ಬದಿಯನ್ನು ಒರೆಸಿಕೊಂಡು ಎದ್ದು ಹೋಗುತ್ತಿದ್ದರು.

ಆ ಕಾಲಕ್ಕೆ ಪೇಟೆಯ ಒಬ್ಬ ತನ್ನ ತಂಗಿಯ ಮಗಳ ಮದುವೆ ಇಟ್ಟುಕೊಂಡ. ತಂಗಿಗೆ ಗಂಡನಿಲ್ಲ. ಸೋದರಮಾವನೇ ನಿಂತು ಮಾಡುವ ಮದುವೆ. ಅವನು ಓರಗಿತ್ತಿಯರ ಮನೆಗೆ ಬಂದ.

"ಎಲ್ಲರ ಮದುವೆಯಲ್ಲೂ ತಾಂಬೂಲಕ್ಕೆ ತೆಂಗಿನಕಾಯಿ ಕೊಡ್ತಾರೆ ತಾಯಿ. ನಾನು ಎಲೆ ಅಡಿಕೆ ಜೊತೆ ನಿಮ್ಮ ಸೋಪು ಇಡಿಸ್ತೀನಿ. ಚಿನ್ನದ ಗೆರೆ ಮದುವೆ ಮನೆಗೆ ಒಪ್ಪುತ್ತೆ" ಎಂದ. ಆಮೇಲೆ ಸುಮ್ಮನೆ ತಮಾಷೆಗೆ ಕೇಳಿದ. "ಅಂದ ಹಾಗೆ, ಇದು ಇಬ್ಬರಲ್ಲಿ ಯಾರ ಕೈಗುಣ?"

"ಗೆರೆ ಕೆಳಗಿನದು ನನ್ನದು" ಎಂದಳು ಹಿರಿಯವಳು.

"ಮೇಲಿನದು ನನ್ನದು. ಗೆರೆಯೂ ನನ್ನದೇ" ಎಂದಳು ಕಿರಿಯವಳು.

"ಅಯ್ಯೋ ಬಿಡಿ ತಾಯಿ, ಮೈಗೆ ಹಚ್ಚೋನಿಗೆ ಪೂರ್ತಿ ಬಿಲ್ಲೆ ಬೇಕು" ಎಂದು ಅವನು ನಕ್ಕು ಹೋದ.

ಅಷ್ಟು ದೊಡ್ಡ ಕೆಲಸ ಅವರಿಗೆ ಹಿಂದೆ ಬಂದಿರಲಿಲ್ಲ. ಮದುವೆಗೆ ಬಂದ ಮನೆಮನೆಗೂ ಅವರ ಸೋಪು ಹೋಗುತ್ತದೆ. ಚೆನ್ನಾದರೆ ಕೊಟ್ಟಿಗೆ ಬಿಟ್ಟು ಪೇಟೆಬೀದಿಯಲ್ಲಿ ಒಂದು ಮಳಿಗೆ ಹಿಡಿಯಬಹುದು. ಕೆಟ್ಟರೆ ಒಂದೇ ದಿನಕ್ಕೆ ಊರಿಗೆಲ್ಲ ಗೊತ್ತಾಗುತ್ತದೆ. ಇದು ಇಬ್ಬರಿಗೂ ತಿಳಿದಿತ್ತು. ಇಬ್ಬರೂ ಬೆನ್ನು ನೋಯುವಷ್ಟು ದುಡಿದರು. ಮದುವೆಯ ಸೋಪಲ್ಲವೇ ಎಂದು ಹಿರಿಯವಳು ಇನ್ನೂ ಹೆಚ್ಚು ಹೊತ್ತು ಕಾದಳು. ಮದುವೆಯ ಸೋಪಲ್ಲವೇ ಎಂದು ಕಿರಿಯವಳು ಇನ್ನೊಂದು ಹಿಡಿ ಪುಡಿ ಉದುರಿಸಿದಳು. ಕೊಯ್ದ ಬಿಲ್ಲೆಗಳನ್ನು ಬಿದಿರ ತಟ್ಟಿಯ ಮೇಲೆ ಸಾಲಾಗಿ ಜೋಡಿಸಿ, ಒಂದು ತಿಂಗಳಿಗೂ ಹೆಚ್ಚು ಕಾಲ ಒಣಗಲು ಬಿಟ್ಟರು. ಒಣಗಿದ ಬಿಲ್ಲೆಗಳಲ್ಲಿ ಯಾವ ಊನವೂ ಕಾಣಲಿಲ್ಲ. ಕೊಟ್ಟಿಗೆಯ ಬಾಗಿಲು ತೆಗೆದರೆ ಗೆರೆಗಳೆಲ್ಲ ಒಟ್ಟಿಗೆ ಹೊಳೆಯುತ್ತಿದ್ದವು.

ಮದುವೆಗೆ ಇನ್ನೂ ಕೆಲವು ದಿನ ಇರುವಾಗ ಸೋದರಮಾವ ಬಂದು ನೋಡಿದ. ಕಣ್ಣು ತುಂಬಿತು. ಒಂದು ಬಿಲ್ಲೆಯನ್ನು ತನಗೆಂದು ಕೇಳಿ ತೆಗೆದುಕೊಂಡು ಹೋದ.

ಅವನು ಮನೆಗೆ ಹೋಗಿ ಹಂಡೆಯ ನೀರು ಸುರಿದುಕೊಂಡು, ಹೊಸ ಸೋಪನ್ನು ಹೆಗಲಿಗೆ ಉಜ್ಜಿದ. ಕೈಯೊಳಗೆ ಏನೋ ಜಾರಿತು. ನೋಡಿದರೆ ಸೋಪು ಗೆರೆಯಲ್ಲಿಯೇ ಎರಡಾಗಿತ್ತು. ಒಂದು ಹೋಳು ಕೈಯಲ್ಲಿ ಉಳಿಯಿತು. ಇನ್ನೊಂದು ನೀರಿನ ಜೊತೆ ಹೋಗಿ ಬಚ್ಚಲ ತೂಬಿನಲ್ಲಿ ಇಳಿದುಹೋಯಿತು.

ಮಾರನೆಯ ಬೆಳಿಗ್ಗೆ ಅವನು ಉಳಿದ ಹೋಳನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ಬಂದ. ಪೊಟ್ಟಣವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಬಚ್ಚಲಲ್ಲಿ ಆದದ್ದನ್ನು ಹೇಳಿದ.

"ಗಂಡಿನ ಕಡೆಗೊಂದು ಹೋಳು, ಹೆಣ್ಣಿನ ಕಡೆಗೊಂದು ಹೋಳು ಅಂತ ಮಾಡಿದ್ದೀರೋ ಹೇಗೆ?" ಎಂದು ನಗಿಸಲು ನೋಡಿದ. ಯಾರೂ ನಗಲಿಲ್ಲ. ಅವನೂ ನಗು ಬಿಟ್ಟ. "ತಪ್ಪು ತಿಳೀಬೇಡಿ ತಾಯಿ. ತಂದೆ ಇಲ್ಲದ ಹುಡುಗಿ. ತಾಳಿ ಕಟ್ಟಿದ ದಿನವೇ ಬಂದವರ ಕೈಯಲ್ಲಿ ಎರಡಾಗೋ ಅಂಥದ್ದನ್ನ ನಾನು ಹೇಗೆ ಹಂಚಲಿ?"

ಅವನಿಗೆ ಕೋಪ ಇರಲಿಲ್ಲ. ಏನಾದರೂ ದಾರಿ ಇದ್ದರೆ ಇವರೇ ಹೇಳುತ್ತಾರೆ ಎಂದು ಬಂದಿದ್ದ. ಎಲ್ಲವೂ ಹೀಗೇ ಆಗಿವೆಯೇ ನೋಡೋಣ ಎನ್ನುತ್ತಾರೆ ಎಂದುಕೊಂಡಿದ್ದ. ಮದುವೆಗೆ ಇನ್ನೆಷ್ಟು ದಿನ ಇದೆ ಎಂದು ಕೇಳುತ್ತಾರೆ ಎಂದುಕೊಂಡಿದ್ದ.

ಓರಗಿತ್ತಿಯರು ಇಬ್ಬರೂ ಒಟ್ಟಿಗೆ ಬಾಯಿ ತೆರೆದರು. ಇಬ್ಬರ ಬಾಯಲ್ಲೂ ಒಂದೇ ಮಾತು ಬಂತು. ಅವನು ಎಣಿಸಿದ ಮಾತುಗಳಲ್ಲಿ ಅದು ಇರಲಿಲ್ಲ.

ಅವನು ಇಬ್ಬರ ಮುಖವನ್ನೂ ನೋಡಿದ. ಪೊಟ್ಟಣ ಬಿಚ್ಚಲಿಲ್ಲ. ಅದನ್ನು ಚೀಲಕ್ಕೆ ಹಾಕಿಕೊಂಡು ಎದ್ದ. "ತೆಂಗಿನಕಾಯಿಯೇ ಆಗಲಿ ಬಿಡಿ ತಾಯಿ" ಎಂದು ಮೆಟ್ಟಿಲಿಳಿದು ಹೋದ.

ಅವನು ಹೋದ ಮೇಲೆ ಹಿರಿಯವಳು ತಟ್ಟಿಯಿಂದ ಒಂದು ಬಿಲ್ಲೆ ತೆಗೆದು ಬಿಸಿನೀರಿಗೆ ಅದ್ದಿ ಒತ್ತಿದಳು. ಹೋಳಾಯಿತು. ಕಿರಿಯವಳು ಇನ್ನೊಂದನ್ನು ಒತ್ತಿದಳು. ಅದೂ ಹೋಳಾಯಿತು. ಒಡೆದ ಎರಡೂ ಮುಖಗಳಿಗೆ ಕಾಗೆ ಬಂಗಾರ ಅಂಟಿತ್ತು. ಎರಡೂ ಒಂದೇ ಸಮ ಹೊಳೆಯುತ್ತಿದ್ದವು.

"ಎಷ್ಟು ಪುಡಿ ಸುರಿದಿದ್ದೀಯೇ!"

"ನೀವು ಕಲ್ಲಾಗೋವರೆಗೂ ಕಾಯಿಸಿದಿರಲ್ಲ, ಅಂಟೋದು ಹೇಗೆ?"

ಇಬ್ಬರೂ ಹೇಳಿದ್ದು ನಿಜವಾಗಿತ್ತು.

ಆಗಲೂ ಕೆಲಸ ಪೂರ್ತಿ ಕೆಟ್ಟಿರಲಿಲ್ಲ. ಸೋಪು ಹಾಳಾದರೆ ಅದನ್ನು ತುರಿದು, ಒಂದಿಷ್ಟು ನೀರು ಚಿಮುಕಿಸಿ, ಸಣ್ಣ ಉರಿಯಲ್ಲಿ ಕರಗಿಸಿ ಮತ್ತೆ ಅಚ್ಚಿಗೆ ಒತ್ತುತ್ತಾರೆ. ಅವರೂ ಹಿಂದೆ ಒಂದೆರಡು ಸಲ ಹಾಗೆ ಉಳಿಸಿಕೊಂಡದ್ದಿತ್ತು. ಮದುವೆಗೆ ಇನ್ನೂ ದಿನ ಇತ್ತು. ಬಿಳಿ ಹಸಿರು ಬೆರೆತರೆ ಎಳೆಯ ಚಿಗುರಿನ ಬಣ್ಣ ಬರುತ್ತಿತ್ತು. ಗೆರೆಯ ಪುಡಿಯೆಲ್ಲ ಒಳಗೆ ಹರಡಿ ಅಲ್ಲಲ್ಲಿ ಮಿನುಗುತ್ತಿತ್ತು. ಸೋದರಮಾವ ಬೀದಿಯ ತಿರುವನ್ನೂ ದಾಟಿರಲಿಲ್ಲ. ಕೂಗಿದರೆ ಕೇಳುತ್ತಿತ್ತು.

ಇದು ಹಿರಿಯವಳಿಗೆ ಗೊತ್ತಿತ್ತು. ಕಿರಿಯವಳಿಗೂ ಗೊತ್ತಿತ್ತು. ಆದರೆ ಒಮ್ಮೆ ಕರಗಿದರೆ ಯಾರದು ಎಲ್ಲಿ ಎಂದು ಬೆರಳಿಟ್ಟು ತೋರಿಸಲು ಆಗುತ್ತಿರಲಿಲ್ಲ. ಅವಳು ಹೇಳಲಿ ಎಂದು ಇವಳು, ಇವಳು ಹೇಳಲಿ ಎಂದು ಅವಳು ಸುಮ್ಮನಿದ್ದರು.

ಆಮೇಲೆ ಹಿರಿಯವಳು ಒಳಗೆ ಹೋಗಿ ಎರಡು ಬುಟ್ಟಿ ತಂದಳು. ಒಂದನ್ನು ಕಿರಿಯವಳ ಮುಂದೆ ಇಟ್ಟಳು. ಇಬ್ಬರೂ ಎದುರುಬದುರು ಕೂತು ಒಂದೊಂದೇ ಬಿಲ್ಲೆಯನ್ನು ಒಡೆದರು. ಬಿಳಿಯ ಹೋಳು ಆ ಬುಟ್ಟಿಗೆ ಬಿತ್ತು. ಹಸಿರು ಹೋಳು ಈ ಬುಟ್ಟಿಗೆ ಬಿತ್ತು. ಹೋಳು ಕೈ ಬದಲಾಗದಂತೆ ಇಬ್ಬರೂ ಎಚ್ಚರದಿಂದ ಇದ್ದರು. ಅಷ್ಟು ಎಚ್ಚರದಿಂದ ಅವರು ಸೋಪನ್ನು ಕೂಡಿಸಿದ್ದಿಲ್ಲ.

ಲಾರಿ ಊರಿಗೆ ಬಂದಾಗ ಅಣ್ಣ ತಮ್ಮಂದಿರು ಹಿತ್ತಿಲಿಗೆ ಹೋಗಿ ನೋಡಿದರು. ಕೊಟ್ಟಿಗೆಯ ಬಾಗಿಲಿಗೆ ಬೀಗ ಬಿದ್ದಿತ್ತು. ಒಂದೇ ಚಿಲಕಕ್ಕೆ ಎರಡು ಬೀಗ.

ಅಜ್ಜಯ್ಯ ಕತೆ ನಿಲ್ಲಿಸಿದರು.

ಅಡುಗೆಮನೆಯ ಕಡೆಯಿಂದ ರುದ್ರಮುನಿ ಪಾತ್ರೆ ಬೋರಲು ಹಾಕುವ ಸದ್ದು ಕೇಳಿಸುತ್ತಿತ್ತು. ಓಬಳೇಶ ತನ್ನ ಬೆರಳಿನ ಮಣ್ಣನ್ನು ಉಜ್ಜಿಕೊಳ್ಳುತ್ತಾ ಕೂತಿದ್ದ. ಮಣ್ಣು ಒಣಗಿ ಪುಡಿಪುಡಿಯಾಗಿ ಉದುರುತ್ತಿತ್ತು.

"ಪಾಪ, ಆ ಸೋದರಮಾವ" ಎಂದ. ಅಜ್ಜಯ್ಯನ ಕಡೆ ತಿರುಗಿದ. "ಆ ಹೆಂಗಸರಿಗೆ ಬುದ್ಧಿ ಇರಲಿಲ್ಲ ಬಿಡಿ. ಅದಿರಲಿ, ಒಂದು ಮಾತು ಹೇಳಿ ಅಜ್ಜಯ್ಯ. ಪೊಟ್ಟಣದಲ್ಲಿ ಉಳಿದಿದ್ದದ್ದು ಯಾರ ಹೋಳು? ಹಿರಿಯವಳದೋ, ಕಿರಿಯವಳದೋ?"

"ಅವರಿಬ್ಬರೂ ಒಟ್ಟಿಗೆ ಬಾಯಿ ತೆರೆದು ಕೇಳಿದ್ದು ಇದನ್ನೇ, ಓಬಳೇಶ" ಎಂದರು ಅಜ್ಜಯ್ಯ.